ಕರೆಂಟಿನ ದಾರಿ: ಚಳ್ಳಕೆರೆಯ ಕಂಪ್ಯೂಟರ್ ಪೆಟ್ಟಿಗೆಯೊಳಗಿನ ಚರಿತ್ರೆ

ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಬರುವವರು ಎಷ್ಟು ಜಿಬಿ ಎಂದು ಕೇಳುತ್ತಾರೆ, ಬೆಲೆ ಕೇಳುತ್ತಾರೆ, ವಾರಂಟಿ ಕೇಳುತ್ತಾರೆ. ಅದಕ್ಕೆ ಕರೆಂಟು ಕೊಡುವ ಕನೆಕ್ಟರ್ ಕಾರ್ಡಿನ ಯಾವ ಅಂಚಿನಲ್ಲಿದೆ ಎಂದು ಕೇಳಿದವರನ್ನು ನಾನು ಕಂಡದ್ದು ಅಪರೂಪ. ಚಿಕ್ಕ ಕ್ಯಾಬಿನೆಟ್ಟಿನಲ್ಲಿ ಮಷಿನ್ ಕಟ್ಟುವವನಿಗೆ ಮಾತ್ರ ಅದೇ ಮೊದಲ ಪ್ರಶ್ನೆ. ಪಕ್ಕದ ತಗಡು ಮುಚ್ಚುತ್ತದೆಯೇ, ಕೇಬಲ್ ನೆಟ್ಟಗೆ ಕೂರುತ್ತದೆಯೇ, ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಆ ಮಷಿನ್ ತಾಳುತ್ತದೆಯೇ ಎಂಬ ಮೂರಕ್ಕೂ ಉತ್ತರ ಆ ಕನೆಕ್ಟರಿನ ಜಾಗದಲ್ಲಿದೆ.

ನಾನು ಚಳ್ಳಕೆರೆಯಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿ, ರಿಪೇರಿ ಮಾಡಿ ಬದುಕಿದವನು. ನಮ್ಮ ಕಸುಬಿಗೂ ಒಂದು ಚರಿತ್ರೆ ಇದೆ. ಪ್ರೊಸೆಸರುಗಳ ಹೆಸರು, ವರ್ಷ, ವೇಗ ಎಲ್ಲವೂ ಎಲ್ಲೆಲ್ಲೋ ದಾಖಲಾಗಿವೆ. ಆ ಪೆಟ್ಟಿಗೆಯೊಳಗೆ ಕರೆಂಟು ಯಾವ ದಾರಿಯಲ್ಲಿ ಹರಿಯಿತು, ಆ ದಾರಿಯನ್ನು ಯಾರು ಮಾಡಿಕೊಟ್ಟರು ಎಂಬುದು ಮಾತ್ರ ಅಂಗಡಿಗಳಲ್ಲಿ ಬಾಯಿಂದ ಬಾಯಿಗೆ ಉಳಿದಿದೆ. ಇಷ್ಟು ವರ್ಷ ಕೈಯಿಂದ ಮುಟ್ಟಿ ತಿಳಿದದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ಕಾರ್ಡು ಮಾಡುವವರು ವೇಗಕ್ಕೆ ಮೊದಲ ಜಾಗ ಕೊಟ್ಟರು, ಕರೆಂಟಿನ ದಾರಿಗೆ ಉಳಿದ ಜಾಗ ಕೊಟ್ಟರು. ಆ ಉಳಿದ ಜಾಗದಲ್ಲಿ ದಾರಿ ಮಾಡಿದ್ದು ಊರೂರಿನ ಅಸೆಂಬಲ್ ಅಂಗಡಿಯವರ ಕೈ.

ಎಣ್ಣೆ ಮಿಲ್ಲಿನ ಕಾಲ

ಚಳ್ಳಕೆರೆಯೆಂದರೆ ಶೇಂಗಾ, ಶೇಂಗಾ ಎಂದರೆ ಎಣ್ಣೆ ಮಿಲ್ಲು. ನಾನು ಮೊದಲು ಮುಟ್ಟಿದ ಕಂಪ್ಯೂಟರುಗಳೂ ಮಿಲ್ಲಿನ ಆಫೀಸುಗಳಲ್ಲಿ, ಮಂಡಿಗಳಲ್ಲಿ ಇದ್ದವೇ. ಲೆಕ್ಕ ಬರೆಯಲು ಅವುಗಳಲ್ಲಿ ಟ್ಯಾಲಿ ಇರುತ್ತಿತ್ತು. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ, ಬೆಂಗಳೂರಿನಲ್ಲೇ ಬೆಳೆದ ಕಂಪನಿಯ ತಂತ್ರಾಂಶ ಅದು. ಅಕ್ಷರ, ಅಂಕಿ ಬಿಟ್ಟರೆ ತೆರೆಯ ಮೇಲೆ ಬೇರೇನೂ ಬೇಕಿರಲಿಲ್ಲ. ಡಿಸ್‌ಪ್ಲೇ ಕಾರ್ಡ್ ಎಂಬುದೊಂದು ಇರುತ್ತಿತ್ತು ನಿಜ, ಆದರೆ ಅದಕ್ಕೆ ಬೇಕಾದ ಕರೆಂಟು ಸ್ಲಾಟಿನ ಮೂಲಕವೇ ಬರುತ್ತಿತ್ತು. ಪ್ರತ್ಯೇಕ ವೈರ್ ಎಂಬ ಮಾತೇ ಇರಲಿಲ್ಲ. 1981ರ ಐಬಿಎಂ ಪಿಸಿಯ ಪವರ್ ಸಪ್ಲೈ ಇಡೀ ಮಷಿನ್‌ಗೆ ಕೊಡುತ್ತಿದ್ದದ್ದು 63.5 ವ್ಯಾಟ್. 2025ರಲ್ಲಿ ಬಂದ ಆರ್‌ಟಿಎಕ್ಸ್ 5090 ಕಾರ್ಡೊಂದಕ್ಕೇ 575 ವ್ಯಾಟ್ ಬೇಕು, ಅಂದರೆ ಆ ಕಾಲದ ಒಂಬತ್ತು ಕಂಪ್ಯೂಟರುಗಳ ಕರೆಂಟು.

ಆ ಹಳೆಯ ಎಟಿ ಕ್ಯಾಬಿನೆಟ್ಟುಗಳಲ್ಲಿ ಮದರ್‌ಬೋರ್ಡಿಗೆ ಹೋಗುವ ಎರಡು ಕನೆಕ್ಟರುಗಳಿದ್ದವು: ಪಿ8 ಮತ್ತು ಪಿ9. ಒಂದೊಂದರಲ್ಲಿ ಆರು ವೈರ್. ಎರಡೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂರಬೇಕು. ಅದಲುಬದಲು ಮಾಡಿದರೂ ಅವು ಕೂರುತ್ತಿದ್ದವು, ಹಾಗೆ ಕೂರಿಸಿ ಸ್ವಿಚ್ ಹಾಕಿದರೆ ಬೋರ್ಡಿನ ಕಥೆ ಮುಗಿಯಿತು. ಅದಕ್ಕೇ ಕಲಿಯಲು ಬಂದ ಹುಡುಗರಿಗೆಲ್ಲ ಮೊದಲ ಪಾಠ ಒಂದೇ: ಕಪ್ಪು ಕಪ್ಪು ನಡುವೆ ಸೇರಬೇಕು. ಪಿ8ರ ಕೊನೆಯ ಎರಡು ವೈರ್ ಕಪ್ಪು, ಪಿ9ರ ಮೊದಲ ಎರಡು ವೈರ್ ಕಪ್ಪು, ನಾಲ್ಕೂ ಮಧ್ಯದಲ್ಲಿ ಒಟ್ಟಿಗೆ ಕಂಡರೆ ಸ್ವಿಚ್ ಹಾಕಬಹುದು. ಯಾವ ಕೈಪಿಡಿಯೂ ಇಲ್ಲದ ಅಂಗಡಿಗಳಲ್ಲಿ ಈ ಮಾತೊಂದು ಎಷ್ಟೋ ಬೋರ್ಡುಗಳನ್ನು ಉಳಿಸಿದೆ. ಇಂಟೆಲ್ 1995ರಲ್ಲಿ ಎಟಿಎಕ್ಸ್ ಎಂಬ ಹೊಸ ಅಳತೆ ತಂದು, ಒಂದೇ ದಿಕ್ಕಿಗೆ ಕೂರುವ 20 ಪಿನ್ನಿನ ಕನೆಕ್ಟರ್ ಕೊಟ್ಟ ಮೇಲೆ ಆ ಅಪಾಯ ತಪ್ಪಿತು.

ಪೆಟ್ಟಿಗೆಯೊಳಗಿನ ದಾರಿಗಿಂತ ಮೊದಲು ಪೆಟ್ಟಿಗೆಗೆ ಬರುವ ದಾರಿ ನೋಡಬೇಕೆಂಬುದನ್ನು ಕಲಿಸಿದ್ದೂ ಎಣ್ಣೆ ಮಿಲ್ಲುಗಳೇ. ಮಿಲ್ಲಿನ ದೊಡ್ಡ ಮೋಟರು ಶುರುವಾಗುವ ಗಳಿಗೆಯಲ್ಲಿ ಎಳೆಯುವ ಕರೆಂಟು, ಅದು ಓಡುವಾಗ ಎಳೆಯುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆ ಕ್ಷಣಕ್ಕೆ ಸುತ್ತಲಿನ ಲೈಟುಗಳು ಮಂಕಾಗುತ್ತಿದ್ದವು, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಸ್ಟೆಬಿಲೈಸರ್, ಯುಪಿಎಸ್ ಇಲ್ಲದೆ ಲೆಕ್ಕದ ಮಷಿನ್ ಇಟ್ಟವರಿಗೆ ನೆಮ್ಮದಿ ಇರಲಿಲ್ಲ.

ಇನ್ನೊಂದು ಸಂಗತಿ ಅರ್ಥಿಂಗ್. ಮಷಿನ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬ ದೂರು ಇಲ್ಲಿ ಬೇಸಿಗೆಯಲ್ಲಿ ಹೆಚ್ಚು. ಕಾರಣ ಸರಳ. ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿಯ ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ತಗಡಿನ ಮೈಗೆ ಒಂದೊಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಅರ್ಥ್ ಸರಿಯಿದ್ದರೆ ಅಲ್ಲಿ ಸೋರುವ ಅಲ್ಪ ಕರೆಂಟು ನೆಲ ಸೇರುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ 230ರ ಅರ್ಧದಷ್ಟು ವೋಲ್ಟಿಗೆ ಏರಿ ನಿಲ್ಲುತ್ತದೆ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಮಣ್ಣು ಒಣಗಿದರೆ ಇದ್ದಿಲು, ಉಪ್ಪು ತುಂಬಿ ಹೂತ ಅರ್ಥ್ ಪಿಟ್ಟೂ ಕೆಲಸ ಬಿಡುತ್ತದೆ. ಮಾರ್ಚಿನಿಂದ ಜೂನ್ ತನಕ ಅದಕ್ಕೆ ವಾರಕ್ಕೊಮ್ಮೆಯಾದರೂ ಎರಡು ಬಿಂದಿಗೆ ನೀರು ಹಾಕಿ ಎಂದು ನಾನು ಪ್ರತಿ ಗಿರಾಕಿಗೂ ಹೇಳುತ್ತೇನೆ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮಲ್ಟಿಮೀಟರ್ ಹಿಡಿದು ನೋಡದೆ ದುಬಾರಿ ಕಾರ್ಡು ಹಾಕಿದ ಮಷಿನ್ ಆನ್ ಮಾಡುವುದಿಲ್ಲ.

ಸ್ಲಾಟೇ ಸಾಕಾಗಿದ್ದ ವರ್ಷಗಳು

2000ದ ಹೊತ್ತಿಗೆ ಭೂಮಿ ಯೋಜನೆ ಬಂತು. ರಾಜ್ಯದ 177 ತಾಲ್ಲೂಕುಗಳ ಪಹಣಿ ಕಂಪ್ಯೂಟರಿಗೆ ಏರಿತು, ಕೈಬರಹದ ಪಹಣಿ ನಿಂತಿತು. ಚಳ್ಳಕೆರೆ, ಮೊಳಕಾಲ್ಮೂರುಗಳ ರೈತರೂ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪ್ರಿಂಟಾದ ಪಹಣಿ ಪಡೆದರು. ಕಂಪ್ಯೂಟರ್ ಎಂದರೆ ದೊಡ್ಡವರ ವಸ್ತು ಎಂಬ ಭಾವನೆ ಹೋದದ್ದು ಆಗ. ಅದೇ ವರ್ಷಗಳಲ್ಲಿ ಬರಹ, ನುಡಿ ತಂತ್ರಾಂಶಗಳು ಬಂದು ಡಿಟಿಪಿ ಅಂಗಡಿಗಳು ಎದ್ದವು. ಲಗ್ನಪತ್ರಿಕೆ, ಕರಪತ್ರ, ಜಾತ್ರೆಯ ಪೋಸ್ಟರ್ ಎಲ್ಲವೂ ಊರಲ್ಲೇ ಕನ್ನಡದಲ್ಲಿ ಕಂಪೋಸ್ ಆಗತೊಡಗಿದವು.

ಆಗ ನಾವು ಕಟ್ಟುತ್ತಿದ್ದ ಮಷಿನ್‌ಗಳಲ್ಲಿ ಹೆಚ್ಚಿನವು ಇಂಟೆಲ್ 810 ಚಿಪ್‌ಸೆಟ್ಟಿನವು. 1999ರಲ್ಲಿ ಬಂದ ಆ ಬೋರ್ಡುಗಳಲ್ಲಿ ಚಿತ್ರ ತೋರಿಸುವ ಭಾಗ ಬೋರ್ಡಿನೊಳಗೇ ಇತ್ತು. ಬೇರೆ ಕಾರ್ಡು ಬೇಡ, ಬೇರೆ ಖರ್ಚೂ ಬೇಡ. ಆಟ ಆಡಬೇಕೆನ್ನುವ ಒಬ್ಬಿಬ್ಬರು ಮಾತ್ರ ಎಜಿಪಿ ಸ್ಲಾಟಿರುವ ಬೇರೆ ಬೋರ್ಡು ಕೊಂಡು ಅದಕ್ಕೆ ಜಿಫೋರ್ಸ್ 2 ಎಂಎಕ್ಸ್ ಹಾಕಿಸುತ್ತಿದ್ದರು. ಎಜಿಪಿ ಸ್ಲಾಟು ಸುಮಾರು 40 ವ್ಯಾಟ್ ಕೊಡಬಲ್ಲದು, ಆ ಕಾರ್ಡಿಗೆ ಅದು ಧಾರಾಳವಾಯಿತು.

ಹೊರಗಿನ ಜಗತ್ತಿನಲ್ಲಿ ಅಷ್ಟರಲ್ಲಿ ಸ್ಲಾಟು ಸಾಲದಾಗಿತ್ತು. 2000ದಲ್ಲಿ ಬಂದ ವೂಡೂ5 5500 ಕಾರ್ಡಿಗೆ ಹಾರ್ಡ್ ಡಿಸ್ಕಿಗೆ ಹಾಕುವ ನಾಲ್ಕು ಪಿನ್ನಿನ ಮೊಲೆಕ್ಸ್ ವೈರನ್ನೇ ಚುಚ್ಚಬೇಕಿತ್ತು. 2002ರ ರೇಡಿಯಾನ್ 9700 ಪ್ರೊ ಫ್ಲಾಪಿ ಡ್ರೈವಿನ ಚಿಕ್ಕ ಕನೆಕ್ಟರ್ ಕೇಳಿತು. ಅಂಥ ಕಾರ್ಡುಗಳನ್ನು ನಾನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ಗಾಜಿನ ಹಿಂದೆ ನೋಡಿದ್ದೆ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಗ್ರಾಫಿಕ್ಸ್ ಕಾರ್ಡಿಗೆಂದೇ ಒಂದು ವೈರ್ ಆಗ ಇರಲಿಲ್ಲ. ಡಿಸ್ಕಿಗೆ, ಫ್ಲಾಪಿಗೆ ಎಂದು ಬಿಟ್ಟ ವೈರಿನಲ್ಲಿ ಉಳಿದದ್ದನ್ನು ಕಾರ್ಡಿಗೆ ಕೊಟ್ಟರು. ಕನೆಕ್ಟರನ್ನು ಕೂರಿಸಿದ್ದೂ ಬೋರ್ಡಿನ ಮೂಲೆಯಲ್ಲಿ ಎಲ್ಲಿ ಖಾಲಿ ಇತ್ತೋ ಅಲ್ಲಿ.

2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಬಂದಾಗ ಈ ವಿಷಯಕ್ಕೊಂದು ಲೆಕ್ಕ ಬಂತು. ಸ್ಲಾಟಿನಿಂದ 75 ವ್ಯಾಟ್, ಆರು ಪಿನ್ನಿನ ಕನೆಕ್ಟರಿನಿಂದ ಇನ್ನೊಂದು 75, ಮುಂದೆ ಬಂದ ಎಂಟು ಪಿನ್ನಿನದರಿಂದ 150. ಆರಕ್ಕೂ ಎಂಟಕ್ಕೂ ಇರುವ ವ್ಯತ್ಯಾಸ ಹಲವರಿಗೆ ಗೊತ್ತಿಲ್ಲ. ಎಂಟು ಪಿನ್ನಿನದರಲ್ಲೂ 12 ವೋಲ್ಟ್ ಹೊರುವ ಹಳದಿ ವೈರ್ ಮೂರೇ. ಹೆಚ್ಚಾದ ಎರಡು ಕಪ್ಪು ವೈರುಗಳಲ್ಲಿ ಒಂದು ಕರೆಂಟು ಮರಳುವ ದಾರಿ, ಮತ್ತೊಂದು ಕಾರ್ಡಿಗೆ ಗುರುತು ಹೇಳಲು. ಪ್ರೊಸೆಸರಿನ ಎಂಟು ಪಿನ್ನಿನ ಕನೆಕ್ಟರ್ ನೋಡಲು ಇದರ ತಮ್ಮನಂತೆಯೇ ಇದ್ದರೂ ಒಳಗೆ ಪೂರಾ ತಿರುವುಮುರುವು: ಅದರಲ್ಲಿ ಕ್ಲಿಪ್ಪಿನ ಕಡೆ ಹಳದಿ, ಇದರಲ್ಲಿ ಕ್ಲಿಪ್ಪಿನ ಕಡೆ ಕಪ್ಪು. ಕತ್ತಲೆಯ ಚಿಕ್ಕ ಪೆಟ್ಟಿಗೆಯೊಳಗೆ ಕೈ ಹಾಕುವ ಮುನ್ನ ಇದನ್ನು ಕಣ್ಣಿಂದ ನೋಡಿಕೊಂಡಿರಬೇಕು.

ಸ್ಟುಡಿಯೊದವರು ತಂದ ಬದಲಾವಣೆ

ನಮ್ಮೂರಿಗೆ ವೈರ್ ಬೇಡುವ ಗ್ರಾಫಿಕ್ಸ್ ಕಾರ್ಡುಗಳನ್ನು ತಂದವರು ಆಟ ಆಡುವ ಹುಡುಗರಲ್ಲ, ಮದುವೆ ವೀಡಿಯೊ ಮಾಡುವ ಸ್ಟುಡಿಯೊದವರು. ಮೊದಲು ಅವರ ಮಷಿನ್‌ಗಳಲ್ಲಿ ಟೇಪಿನಿಂದ ವೀಡಿಯೊ ಇಳಿಸಿಕೊಳ್ಳುವ ಕ್ಯಾಪ್ಚರ್ ಕಾರ್ಡುಗಳಿದ್ದವು: ಪಿನಾಕಲ್, ಮ್ಯಾಟ್ರಾಕ್ಸ್, ಕ್ಯಾನೋಪಸ್. ಎಲ್ಲವೂ ಪಿಸಿಐ ಸ್ಲಾಟಿನಲ್ಲಿ ಕೂತು ಅಲ್ಲಿಂದಲೇ ಕರೆಂಟು ತೆಗೆದುಕೊಳ್ಳುತ್ತಿದ್ದವು. 2010ರಲ್ಲಿ ಅಡೋಬಿಯ ಪ್ರೀಮಿಯರ್ ಪ್ರೊ ಸಿಎಸ್5 ಬಂತು. ಎನ್‌ವಿಡಿಯಾದ ಕಾರ್ಡಿದ್ದರೆ ಎಫೆಕ್ಟುಗಳನ್ನು ಆ ಕಾರ್ಡೇ ಮಾಡಿ ತೋರಿಸುತ್ತದೆ, ರೆಂಡರಿಗೆ ರಾತ್ರಿಯಿಡೀ ಕಾಯಬೇಕಿಲ್ಲ ಎಂಬ ಸುದ್ದಿ ಸ್ಟುಡಿಯೊಗಳಲ್ಲಿ ಹಬ್ಬಿತು. ಲಗ್ನದ ಸುಗ್ಗಿಯಲ್ಲಿ ಒಂದು ರಾತ್ರಿ ಉಳಿದರೆ ಇನ್ನೊಂದು ಮದುವೆಯ ಕೆಲಸ ಮುಗಿಯುತ್ತದೆ. ಕಾರ್ಡಿಗೆ ಹಣ ಹಾಕಲು ಅವರು ಹಿಂದೆಮುಂದೆ ನೋಡಲಿಲ್ಲ.

ಕಾರ್ಡು ಬಂತು, ಜಾಗ ಇರಲಿಲ್ಲ. ಆಗಿನ ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಮುಂಭಾಗದಲ್ಲಿ ಹಾರ್ಡ್ ಡಿಸ್ಕುಗಳ ಗೂಡು ಇರುತ್ತಿತ್ತು, ರಿವಿಟ್ ಹೊಡೆದು ಕೂರಿಸಿದ್ದು. ಉದ್ದದ ಕಾರ್ಡು ಆ ಗೂಡಿಗೆ ಹೋಗಿ ತಾಗುತ್ತಿತ್ತು. 2006ರ ಜಿಫೋರ್ಸ್ 8800 ಜಿಟಿಎಕ್ಸ್ ಹತ್ತೂವರೆ ಅಂಗುಲ ಉದ್ದವಿತ್ತು, ಆಮೇಲೆ ಅದೇ ವಾಡಿಕೆಯಾಯಿತು. ಕನೆಕ್ಟರ್ ಕಾರ್ಡಿನ ತುದಿಯಲ್ಲಿ, ಡಿಸ್ಕಿನ ಗೂಡಿಗೆ ಎದುರಾಗಿ ಇದ್ದರಂತೂ ಪ್ಲಗ್ಗು ಚುಚ್ಚಲು ಬೆರಳಿಗೇ ಜಾಗವಿಲ್ಲ. ಕಂಪನಿಗಳು ಅದಕ್ಕೆ ಕಂಡುಕೊಂಡ ಉಪಾಯವೆಂದರೆ ಕನೆಕ್ಟರನ್ನು ತುದಿಯಿಂದ ತೆಗೆದು ಕಾರ್ಡಿನ ಮೇಲಂಚಿಗೆ ಕೂರಿಸುವುದು. ದೊಡ್ಡ ಟವರ್ ಕ್ಯಾಬಿನೆಟ್ಟಿನಲ್ಲಿ ಇದು ಒಳ್ಳೆಯ ಉಪಾಯ. ಪಕ್ಕದ ತಗಡು ತೆಗೆದರೆ ಪ್ಲಗ್ಗು ಎದುರಿಗೇ ಕಾಣುತ್ತದೆ.

ಅಗಲ ಕಡಿಮೆಯಿರುವ ಕ್ಯಾಬಿನೆಟ್ಟಿನಲ್ಲಿ ಅದೇ ಉಪಾಯ ಹೊಸ ತೊಂದರೆಯಾಯಿತು. ಪಿಸಿಐ ಎಕ್ಸ್‌ಪ್ರೆಸ್ ಅಳತೆಯ ಪ್ರಕಾರ ಕಾರ್ಡಿನ ಎತ್ತರ 111 ಮಿ.ಮೀ. ಅದರ ಮೇಲೆ ಪ್ಲಗ್ಗಿನ ಮೈ, ಅದರ ಮೇಲೆ ವೈರ್ ತಿರುಗುವ ಬಾಗು. ಎಲ್ಲ ಸೇರಿ ಒಂದೂವರೆ ನೂರು ಮಿ.ಮೀ. ಹತ್ತಿರ ಬೇಕು. ಅಷ್ಟು ಇಲ್ಲದ ಕಡೆ ತಗಡನ್ನು ಒತ್ತಿ ಮುಚ್ಚಿದರೆ ಆ ಒತ್ತಡವೆಲ್ಲ ಕನೆಕ್ಟರಿನ ಬೆಸುಗೆಯ ಮೇಲೆ. ಅಂಥ ಒಂದು ಮಷಿನ್ ರಿಪೇರಿಗೆ ಬಂದಿತ್ತು. ಪ್ಲಗ್ಗಿನ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿತ್ತು, ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕರಗಿ ಗಟ್ಟಿಯಾಗಿತ್ತು. ಪಿನ್ನು ಪೂರಾ ಬಿಗಿಯಿಲ್ಲದ ಕಡೆ ಅಡ್ಡಿ ಹೆಚ್ಚುತ್ತದೆ, ಅಡ್ಡಿ ಇದ್ದಲ್ಲಿ ಕಾವು ಏರುತ್ತದೆ, ಕಾವಿಗೆ ಸ್ಪ್ರಿಂಗು ಸಡಿಲವಾಗಿ ಅಡ್ಡಿ ಇನ್ನೂ ಹೆಚ್ಚುತ್ತದೆ. ಒಮ್ಮೆ ಶುರುವಾದರೆ ಅದು ತಾನಾಗಿ ನಿಲ್ಲುವುದಿಲ್ಲ.

ಎಸ್‌ಎಂಪಿಎಸ್ ವಿಷಯವೂ ಅಷ್ಟೇ. 450 ವ್ಯಾಟ್ ಎಂದು ಚೀಟಿ ಅಂಟಿಸಿದ ಅಗ್ಗದ ಡಬ್ಬಿಗಳಲ್ಲಿ ಆರು ಪಿನ್ನಿನ ವೈರೇ ಇರುತ್ತಿರಲಿಲ್ಲ. ಕಾರ್ಡಿನ ಜೊತೆ ಎರಡು ಮೊಲೆಕ್ಸನ್ನು ಒಂದು ಆರು ಪಿನ್ನಿಗೆ ಸೇರಿಸುವ ತುಂಡು ವೈರ್ ಬರುತ್ತಿತ್ತು. ಎರಡು ಮೊಲೆಕ್ಸನ್ನೂ ಬೇರೆ ಬೇರೆ ಎಳೆಯಿಂದ ಕೊಟ್ಟರೆ ಅದು ನಡೆಯುತ್ತದೆ. ಆಮೇಲೆ ಸಾಟಾ ಕನೆಕ್ಟರಿನಿಂದ ಆರು ಪಿನ್ನಿಗೆ ಹೋಗುವ ಅಡಾಪ್ಟರುಗಳು ಬಂದವು. ಸಾಟಾದಲ್ಲಿ 12 ವೋಲ್ಟಿಗೆ ಇರುವುದು ಮೂರು ಸಣ್ಣ ಪಿನ್ನು, ಒಂದೊಂದಕ್ಕೆ ಒಂದೂವರೆ ಆಂಪಿಯರ್. ಒಟ್ಟು 54 ವ್ಯಾಟ್. ಅದರಿಂದ 75 ವ್ಯಾಟ್ ಎಳೆಯಲು ಹೊರಟರೆ ಕರಗುವುದು ಖಂಡಿತ. ಅಂಥ ಅಡಾಪ್ಟರನ್ನು ನಾನು ಅಂಗಡಿಯಲ್ಲಿ ಇಟ್ಟಿಲ್ಲ, ಕೇಳಿದವರಿಗೆ ಕಾರಣ ಹೇಳಿ ಕಳಿಸುತ್ತೇನೆ.

ವೈರ್ ಬೇಡದ ಕಾರ್ಡಿನ ಉಪಕಾರ

ಸಣ್ಣ ಊರುಗಳಿಗೆ ನಿಜವಾದ ಉಪಕಾರ ಮಾಡಿದ್ದು ಸ್ಲಾಟಿನ 75 ವ್ಯಾಟಿನಲ್ಲೇ ಬದುಕುವ ಕಾರ್ಡುಗಳು. 2014ರ ಜಿಟಿಎಕ್ಸ್ 750 ಟಿಐ ಅರವತ್ತು ವ್ಯಾಟಿಗೆ ತೃಪ್ತಿಪಟ್ಟಿತು. 2016ರ 1050 ಟಿಐ, 2019ರ 1650 ಎಪ್ಪತ್ತೈದರೊಳಗೆ ನಿಂತವು. ಎರಡರಲ್ಲೂ ವೈರ್ ಬೇಡದ ಮಾದರಿಗಳು ಧಾರಾಳವಾಗಿ ಸಿಕ್ಕವು.

ಅದೇ ಹೊತ್ತಿಗೆ ಬೆಂಗಳೂರಿನ ಐಟಿ ಕಂಪನಿಗಳು ಬಳಸಿ ಬಿಟ್ಟ ಚಿಕ್ಕ ಡೆಸ್ಕ್‌ಟಾಪುಗಳು ನಮ್ಮ ಕಡೆ ಬರತೊಡಗಿದವು. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ, ಹೆಗಲ ಚೀಲದಲ್ಲಿ ಹಿಡಿಸುವಷ್ಟು ಗಾತ್ರ. ಪ್ರೊಸೆಸರ್ ಗಟ್ಟಿ, ಬೆಲೆ ಕಡಿಮೆ. ಆದರೆ ಅವುಗಳ ಎಸ್‌ಎಂಪಿಎಸ್ ಕಂಪನಿಯ ಸ್ವಂತ ಅಳತೆಯದು, ಸುಮಾರು 240 ವ್ಯಾಟಿನದು, ಗ್ರಾಫಿಕ್ಸ್ ಕಾರ್ಡಿಗೆ ಅದರಲ್ಲಿ ವೈರೇ ಇಲ್ಲ. ಅಂಥ ಪೆಟ್ಟಿಗೆಗೆ ಅರ್ಧ ಎತ್ತರದ 1050 ಟಿಐ ಹಾಕಿದರೆ ಒಂದು ಒಳ್ಳೆಯ ಎಡಿಟಿಂಗ್ ಮಷಿನ್ ತಯಾರು. ಪಾಲಿಟೆಕ್ನಿಕ್ಕಿನಲ್ಲಿ ಓದುವ ಹುಡುಗರು, ಹೊಸದಾಗಿ ಸ್ಟುಡಿಯೊ ಇಟ್ಟವರು, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಗಳ ಫೋಟೊ ತೆಗೆದು ಕೊಡುವವರು ಇಂಥ ಮಷಿನ್‌ಗಳಿಂದ ದುಡಿಮೆ ಶುರು ಮಾಡಿದ್ದನ್ನು ನೋಡಿದ್ದೇನೆ. ಆ ಸೀರೆಗಳಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು, ಅವುಗಳ ಅಂಚಿನ ಬಣ್ಣ ತೆರೆಯ ಮೇಲೆ ಸರಿಯಾಗಿ ಕಂಡರೆ ದೂರದ ಗಿರಾಕಿಯೂ ಕೊಳ್ಳುತ್ತಾನೆ. ವೇಗದಲ್ಲಿ ದೊಡ್ಡ ಕಾರ್ಡುಗಳ ಪಕ್ಕದಲ್ಲಿ ನಿಲ್ಲಲಾರದ ಈ ಕಾರ್ಡುಗಳು ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿವೆ.

ಜಾತ್ರೆಗೆ ಹೊತ್ತೊಯ್ಯುವ ಪೆಟ್ಟಿಗೆ

2020ರಲ್ಲಿ ಕೊರೊನಾ ಬಂದು ಮದುವೆಗೆ ಐವತ್ತು ಜನ ಎಂಬ ಮಿತಿ ಹಾಕಿದಾಗ ನೆಂಟರಿಷ್ಟರು ಮನೆಯಲ್ಲಿ ಕೂತೇ ಮದುವೆ ನೋಡುವ ಏರ್ಪಾಟು ಬೇಕಾಯಿತು. ಸ್ಟುಡಿಯೊದವರು ಲೈವ್ ಕೊಡತೊಡಗಿದರು. ಎರಡು ಮೂರು ಕ್ಯಾಮೆರಾಗಳ ಚಿತ್ರವನ್ನು ಸ್ಥಳದಲ್ಲೇ ಬೆರೆಸುವ ವಿಮಿಕ್ಸಿನಂಥ ತಂತ್ರಾಂಶಕ್ಕೆ ಗ್ರಾಫಿಕ್ಸ್ ಕಾರ್ಡು ಬೇಕೇ ಬೇಕು. ಮಿತಿ ಹೋದ ಮೇಲೂ ಆ ರೂಢಿ ನಿಂತಿತು. ಈಗ ಮದುವೆ ಛತ್ರ, ಆರ್ಕೆಸ್ಟ್ರಾ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ರಥೋತ್ಸವ, ಎಲ್ಲ ಕಡೆಯೂ ಮಷಿನ್ ಹೊತ್ತು ಹೋಗಬೇಕು. ಹಾಗೆ ಕಟ್ಟಿಸಿಕೊಳ್ಳಲು ಬಂದ ಒಬ್ಬರು ಹೇಳಿದ ಮಾತು ನನಗೆ ಅಳತೆಗೋಲಾಗಿ ಉಳಿದಿದೆ: “ಬೈಕಿನ ಮೇಲೆ ಇಟ್ಕಂಡು ಹೋಗಂಗಿರ್ಬೇಕು ಕಣಣ್ಣ, ಅಲ್ಲೋಗಿ ಬಿಚ್ಚಂಗಿರ್ಬಾರ್ದು.”

ಈ ಬೇಡಿಕೆಗೆ ಉತ್ತರ ಮಿನಿ ಐಟಿಎಕ್ಸ್. ತೈವಾನಿನ ವಯಾ ಕಂಪನಿ 2001ರಲ್ಲಿ ಗೊತ್ತು ಮಾಡಿದ ಅಳತೆ: 170 ಮಿ.ಮೀ. ಚೌಕದ ಬೋರ್ಡು, ಅದರಲ್ಲಿ ಕಾರ್ಡಿಗೆ ಒಂದೇ ಸ್ಲಾಟು. ಅದರ ಜೊತೆಗೆ ಎಸ್‌ಎಫ್‌ಎಕ್ಸ್ ಅಳತೆಯ ಚಿಕ್ಕ ಎಸ್‌ಎಂಪಿಎಸ್. 2020ರಲ್ಲಿ ಬಂದ ಕೂಲರ್ ಮಾಸ್ಟರ್ ಎನ್‌ಆರ್200 ಸುಮಾರು 18 ಲೀಟರಿನ ಪೆಟ್ಟಿಗೆ. ಡಾನ್ ಎ4 ಎಂಬುದು ಏಳು ಲೀಟರಿನ ಆಸುಪಾಸಿನದು, ಅದರಲ್ಲಿ ಕಾರ್ಡು ಬೋರ್ಡಿನ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ, ನಡುವೆ ರೈಸರ್ ಕೇಬಲ್.

ಇಂಥ ಪೆಟ್ಟಿಗೆ ಕಟ್ಟುವಾಗ ನಾನು ಕಾರ್ಡು ತರಿಸುವ ಮೊದಲೇ ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟಿನಲ್ಲಿ ಅದರ ಅಳತೆ ಕತ್ತರಿಸುತ್ತೇನೆ. ಉದ್ದ, ಎತ್ತರ, ಆಮೇಲೆ ಕನೆಕ್ಟರ್ ಇರುವ ಕಡೆ ಒಂದು ನಾಲಿಗೆ. ಆ ನಾಲಿಗೆಯ ಮೇಲೆ ನಿಜವಾದ ಕೇಬಲ್ಲನ್ನು ಬಾಗಿಸಿ ಟೇಪು ಹಾಕುತ್ತೇನೆ. ರಟ್ಟನ್ನು ಸ್ಲಾಟಿನ ಜಾಗದಲ್ಲಿ ನಿಲ್ಲಿಸಿ ತಗಡು ಮುಚ್ಚಿದರೆ ಸತ್ಯ ಗೊತ್ತಾಗುತ್ತದೆ. ಕೇಬಲ್ ಫ್ಯಾನಿನ ರೆಕ್ಕೆಗೆ ತಾಗುತ್ತದೆಯೋ, ಎಸ್‌ಎಂಪಿಎಸ್ಸಿನ ಗಾಳಿಗೆ ಅಡ್ಡ ಬರುತ್ತದೆಯೋ ಎಂಬುದೂ ಕಾಣುತ್ತದೆ. ಕಾರ್ಡಿನ ಪೆಟ್ಟಿಗೆಯ ಮೇಲೆ ಬರೆದ ಅಳತೆಯಲ್ಲಿ ಪ್ಲಗ್ಗನ್ನು ಸೇರಿಸಿರುವುದಿಲ್ಲ, ಆದ್ದರಿಂದ ಈ ರಟ್ಟು ಬೇಕು. ಬೈಕಿನ ಮೇಲೆ ಹಳ್ಳಿ ರಸ್ತೆಯಲ್ಲಿ ಹೋಗುವ ಮಷಿನ್ ಎಂದರೆ ಕಾರ್ಡಿನ ತೂಕಕ್ಕೆ ತುದಿಯಲ್ಲೊಂದು ಆಸರೆ, ಕೇಬಲ್ಲಿಗೆ ಪ್ಲಗ್ಗಿನಿಂದ ಸ್ವಲ್ಪ ದೂರದಲ್ಲಿ ಒಂದು ಟ್ಯಾಗು. ಪ್ಲಗ್ಗಿನ ಪಕ್ಕದಲ್ಲೇ ಬಿಗಿದು ಕಟ್ಟಿದರೆ ಕುಲುಕಾಟವೆಲ್ಲ ಪಿನ್ನಿಗೆ ಹೋಗುತ್ತದೆ.

ಚಿಕ್ಕ ಪೆಟ್ಟಿಗೆಗೆಂದೇ ಮನಸ್ಸಿಟ್ಟು ಮಾಡಿದ ಕಾರ್ಡುಗಳೂ ಇವೆ, ಅವನ್ನು ನಾನು ಗೌರವದಿಂದ ನೆನೆಯುತ್ತೇನೆ. 2015ರಲ್ಲಿ ಎಎಂಡಿ ತಂದ ಆರ್9 ನ್ಯಾನೊ ಆರೇ ಅಂಗುಲ ಉದ್ದ, 175 ವ್ಯಾಟ್. ಅದರ ಎಂಟು ಪಿನ್ನಿನ ಕನೆಕ್ಟರ್ ತುದಿಗೆ ಮುಖ ಮಾಡಿತ್ತು. ಕಾರ್ಡೇ ಗಿಡ್ಡವಾದ್ದರಿಂದ ತುದಿಯ ಮುಂದೆ ಜಾಗ ಉಳಿಯುತ್ತಿತ್ತು, ಮೇಲಂಚು ತಗಡಿಗೆ ತಾಗುತ್ತಿರಲಿಲ್ಲ. ಮರುವರ್ಷ ಎನ್‌ವಿಡಿಯಾದ 1060 ಫೌಂಡರ್ಸ್ ಎಡಿಷನ್ನಿನಲ್ಲಿ ಒಳಗಿನ ಬೋರ್ಡು ಗಿಡ್ಡ, ಮೇಲಿನ ಕೂಲರ್ ಉದ್ದ. ಬೋರ್ಡಿನಿಂದ ವೈರ್ ಎಳೆದು ಕನೆಕ್ಟರನ್ನು ಕೂಲರಿನ ತುದಿಗೆ ತಂದಿಟ್ಟಿದ್ದರು. ಮನಸ್ಸು ಮಾಡಿದರೆ ಕನೆಕ್ಟರನ್ನು ಬೇಕಾದ ಕಡೆ ತಂದಿಡಬಹುದು ಎಂಬುದಕ್ಕೆ ಇವೆರಡೂ ಸಾಕ್ಷಿ.

ಹದಿನಾರು ಪಿನ್ನು, ಐವತ್ತು ಆಂಪಿಯರ್

2022ರಲ್ಲಿ ಹದಿನಾರು ಪಿನ್ನಿನ ಹೊಸ ಕನೆಕ್ಟರ್ ಬಂತು. ಹೆಸರು 12ವಿಎಚ್‌ಪಿಡಬ್ಲ್ಯುಆರ್. ಹನ್ನೆರಡು ಪಿನ್ನು ಕರೆಂಟಿಗೆ, ನಾಲ್ಕು ಸಣ್ಣ ಪಿನ್ನು ಗುರುತಿಗೆ. ಒಂದೇ ಪ್ಲಗ್ಗಿನಲ್ಲಿ 600 ವ್ಯಾಟ್ ತನಕ. ಮೂರು ನಾಲ್ಕು ಕೇಬಲ್ಲಿನ ಜಾಗದಲ್ಲಿ ಒಂದೇ ಕೇಬಲ್ ಎಂದಾಗ ಚಿಕ್ಕ ಪೆಟ್ಟಿಗೆ ಕಟ್ಟುವವರೆಲ್ಲ ಹಿಗ್ಗಿದರು. ಲೆಕ್ಕ ಹಾಕಿದರೆ ಬೇರೆಯದು ಕಾಣುತ್ತದೆ. ಹಳೆಯ ಎಂಟು ಪಿನ್ನಿನದರಲ್ಲಿ 150 ವ್ಯಾಟ್ ಎಂದರೆ ಹನ್ನೆರಡೂವರೆ ಆಂಪಿಯರ್, ಮೂರು ಹಳದಿ ಪಿನ್ನಿಗೆ ಹಂಚಿದರೆ ಒಂದೊಂದಕ್ಕೆ ನಾಲ್ಕು ಆಂಪಿಯರಿಗಿಂತ ಕೊಂಚ ಹೆಚ್ಚು. ಹೊಸದರಲ್ಲಿ 600 ವ್ಯಾಟ್ ಎಂದರೆ ಐವತ್ತು ಆಂಪಿಯರ್, ಆರು ಪಿನ್ನಿಗೆ ಹಂಚಿದರೆ ಒಂದೊಂದಕ್ಕೆ ಎಂಟೂಕಾಲು ದಾಟುತ್ತದೆ. ಪಿನ್ನುಗಳ ನಡುವಿನ ಅಂತರ 4.2 ಮಿ.ಮೀ. ಇದ್ದದ್ದು 3 ಮಿ.ಮೀ. ಆಯಿತು. ನಾಲ್ಕಾಳು ಹೊರುತ್ತಿದ್ದ ಶೇಂಗಾ ಮೂಟೆಯನ್ನು ಇಬ್ಬರು ಹುಡುಗರ ಹೆಗಲಿಗೆ ಏರಿಸಿದಂತಾಯಿತು.

ಆ ವರ್ಷದ ಅಕ್ಟೋಬರಿನಲ್ಲಿ ಆರ್‌ಟಿಎಕ್ಸ್ 4090 ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಕರಗಿದ ಕನೆಕ್ಟರುಗಳ ಚಿತ್ರಗಳು ಜಗತ್ತಿನೆಲ್ಲೆಡೆ ಹರಿದಾಡಿದವು. ಪ್ಲಗ್ಗು ಪೂರಾ ಒಳಗೆ ಕೂತಿಲ್ಲದ್ದು ಮುಖ್ಯ ಕಾರಣವೆಂದು ಎನ್‌ವಿಡಿಯಾ ಹೇಳಿತು. ಪ್ಲಗ್ಗಿನಿಂದ 35 ಮಿ.ಮೀ. ತನಕ ಕೇಬಲ್ಲನ್ನು ಬಾಗಿಸಬಾರದೆಂದು ಕೇಬಲ್ ತಯಾರಕರು ಎಚ್ಚರಿಸಿದರು. ಎನ್‌ವಿಡಿಯಾದ ಸ್ವಂತ 4090 ಕಾರ್ಡಿನ ಎತ್ತರ 137 ಮಿ.ಮೀ., ಕನೆಕ್ಟರ್ ಮೇಲಂಚಿನಲ್ಲಿ. ಮೇಲೆ 35 ಮಿ.ಮೀ. ನೆಟ್ಟಗೆ ಬಿಟ್ಟು ಆಮೇಲೆ ಬಾಗಿಸಬೇಕೆಂದರೆ ಸಾಧಾರಣ ಟವರುಗಳಲ್ಲೇ ತಗಡು ಮುಚ್ಚುವುದು ಕಷ್ಟ, ಚಿಕ್ಕ ಪೆಟ್ಟಿಗೆಯ ಮಾತು ಹೇಳುವುದೇ ಬೇಡ. 2023ರಲ್ಲಿ ಅದನ್ನು ತಿದ್ದಿ 12ವಿ-2x6 ಎಂದು ಹೊಸ ಹೆಸರಿನಲ್ಲಿ ತಂದರು. ಗುರುತಿನ ಪಿನ್ನುಗಳನ್ನು ಮೋಟು ಮಾಡಿ, ಕರೆಂಟು ಹೊರುವ ಪಿನ್ನುಗಳನ್ನು ಕೊಂಚ ಉದ್ದ ಮಾಡಿದರು. ಪ್ಲಗ್ಗು ಅರ್ಧ ಕೂತಿದ್ದರೆ ಕಾರ್ಡು ಪೂರಾ ಕರೆಂಟು ಎಳೆಯುವುದಿಲ್ಲ. 2025ರ 5090ರ ಫೌಂಡರ್ಸ್ ಎಡಿಷನ್ನಿನಲ್ಲಿ ಕನೆಕ್ಟರನ್ನೇ ಓರೆಯಾಗಿ ಕೂರಿಸಿದರು. ಮದರ್‌ಬೋರ್ಡಿನ ಇನ್ನೊಂದು ಸ್ಲಾಟಿನಿಂದಲೇ 600 ವ್ಯಾಟ್ ಕೊಟ್ಟು ಕಾರ್ಡಿನ ಕೇಬಲ್ಲನ್ನೇ ತೆಗೆದುಹಾಕುವ ಪ್ರಯತ್ನವನ್ನು ಆಸುಸ್ ಮಾಡಿದೆ. ಕನೆಕ್ಟರಿನ ಜಾಗ ಮೊದಲೇ ಯೋಚಿಸಬೇಕಾದ ವಿಷಯವೆಂದು ಕಂಪನಿಗಳು ಕೊನೆಗೆ ಒಪ್ಪಿಕೊಂಡಂತಾಯಿತು.

ಕುದಾಪುರದ ಪಕ್ಕದಲ್ಲಿ ನಿಂತು

ನಮ್ಮ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಇದೆ, ಸುಮಾರು 1,500 ಎಕರೆಯದು. ಅಮೃತಮಹಲ್ ದನಗಳು, ಕುರಿಗಳು ಮೇಯುತ್ತಿದ್ದ ಕಾವಲಿನಲ್ಲಿ ಇಂದು ವಿಜ್ಞಾನದ ಹೆಸರು ಕೇಳುತ್ತದೆ. ಅದೇ ಸಂಸ್ಥೆಯ ಬೆಂಗಳೂರಿನ ಆವರಣದಲ್ಲಿ 2022ರಲ್ಲಿ ಪರಮ್ ಪ್ರವೇಗ ಎಂಬ ಸೂಪರ್ ಕಂಪ್ಯೂಟರ್ ಸ್ಥಾಪಿಸಿದರು. 3.3 ಪೆಟಾಫ್ಲಾಪ್ ಸಾಮರ್ಥ್ಯ, ಅದರಲ್ಲಿ ಎನ್‌ವಿಡಿಯಾದ ಟೆಸ್ಲಾ ವಿ100 ಗ್ರಾಫಿಕ್ಸ್ ಪ್ರೊಸೆಸರುಗಳಿವೆ. ವಿ100 ಸ್ಲಾಟಿಗೆ ಹಾಕುವ ಕಾರ್ಡಿನ ರೂಪದಲ್ಲೂ ಬರುತ್ತದೆ. ಆ ರೂಪದಲ್ಲಿ ಅದಕ್ಕೆ ಸ್ವಂತ ಫ್ಯಾನಿಲ್ಲ, ಕನೆಕ್ಟರ್ ಮೇಲಂಚಿನಲ್ಲೂ ಇಲ್ಲ. ಪ್ರೊಸೆಸರಿಗೆ ಹಾಕುವ ಎಂಟು ಪಿನ್ನಿನ ಕನೆಕ್ಟರನ್ನು ಕಾರ್ಡಿನ ತುದಿಯಲ್ಲಿ ಕೂರಿಸಿದ್ದಾರೆ. ಸರ್ವರಿನ ಪೆಟ್ಟಿಗೆ ಎತ್ತರದಲ್ಲಿ ಗಿಡ್ಡ, ಕಾರ್ಡಿನ ಮೇಲೆ ಜಾಗವೇ ಇಲ್ಲ. ಹಾಗಾಗಿ ಅಲ್ಲಿ ಪೆಟ್ಟಿಗೆ, ಗಾಳಿಯ ದಾರಿ, ಕರೆಂಟಿನ ದಾರಿ ಮೂರನ್ನೂ ಒಟ್ಟಿಗೆ ಯೋಚಿಸಿ ಕಾರ್ಡು ಮಾಡಿದರು. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಸಿಕ್ಕಿದ ಆ ಯೋಚನೆ, ಸಾಲ ಮಾಡಿ ಒಂದು ಕಾರ್ಡು ಕೊಳ್ಳುವ ನಮ್ಮೂರಿನ ಸ್ಟುಡಿಯೊ ಹುಡುಗನಿಗೂ ಸಿಗಬೇಕೆಂಬುದು ನನ್ನ ಬಲವಾದ ಮಾತು.

ಅದಕ್ಕೆ ಕಷ್ಟದ ಕೆಲಸವೇನೂ ಬೇಕಿಲ್ಲ. ಕಾರ್ಡಿನ ಪೆಟ್ಟಿಗೆಯ ಮೇಲೆ ಉದ್ದ, ದಪ್ಪದ ಜೊತೆ ಕನೆಕ್ಟರ್ ಯಾವ ಅಂಚಿನಲ್ಲಿದೆ, ಪ್ಲಗ್ಗೂ ಬಾಗೂ ಸೇರಿ ಎಷ್ಟು ಮಿ.ಮೀ. ಬೇಕು ಎಂದು ಒಂದು ಸಾಲು ಅಚ್ಚು ಹಾಕಲಿ. ಕ್ಯಾಬಿನೆಟ್ ಮಾಡುವವರು ಸ್ಲಾಟಿನಿಂದ ತಗಡಿಗೆ ಎಷ್ಟು ಜಾಗವಿದೆ ಎಂದು ಬರೆಯಲಿ. ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಹಾರ್ಡ್‌ವೇರ್ ಕಲಿಸುವಾಗ ಪ್ರೊಸೆಸರಿನ ತಲೆಮಾರುಗಳ ಪಟ್ಟಿ ಬಾಯಿಪಾಠ ಮಾಡಿಸುವ ಜೊತೆಗೆ ಒಂದು ಪಿನ್ನಿನಲ್ಲಿ ಎಷ್ಟು ಆಂಪಿಯರ್ ಹರಿಯುತ್ತದೆ ಎಂದು ಲೆಕ್ಕ ಹಾಕಿಸಲಿ, ಕರಗಿದ ಒಂದು ಪ್ಲಗ್ಗನ್ನು ಕೈಗೆ ಕೊಟ್ಟು ತೋರಿಸಲಿ. ನನ್ನ ಅಂಗಡಿಗೆ ಕಲಿಯಲು ಬರುವವರಿಗೆ ನಾನು ಮೊದಲು ಕೊಡುವುದು ರಟ್ಟು, ಕತ್ತರಿ, ಅಳತೆಪಟ್ಟಿ. ಸ್ಕ್ರೂ ಡ್ರೈವರ್ ಆಮೇಲೆ. ಪೆಟ್ಟಿಗೆ ಎಷ್ಟೇ ಚಿಕ್ಕದಿರಲಿ, ಮೊದಲು ಕೇಬಲ್ಲಿಗೆ ಜಾಗ ಗೊತ್ತು ಮಾಡಿ, ಆಮೇಲೆ ಕಾರ್ಡು ಆರಿಸಬೇಕು. ಆ ಕ್ರಮದಲ್ಲಿ ಕಟ್ಟಿದ ಮಷಿನ್‌ಗಳು ನಮ್ಮ ಸೀಮೆಯ ಬಿಸಿಲು, ಧೂಳು, ರಸ್ತೆ ಎಲ್ಲವನ್ನೂ ತಡೆದುಕೊಂಡು ಇಂದಿಗೂ ದುಡಿಯುತ್ತಿವೆ.